ದೊಡ್ಡಪ್ಪನ ಎದುರಿನ ಕುರ್ಚಿ

ಮಾರ್ಚ್ 3, ಸೋಮವಾರ. ಬೆಳಿಗ್ಗೆ 8.40

ಮೈಕ್ ಸರಿ ಇದೆ. ಮೈಕ್ ಪರೀಕ್ಷಿಸುವ ಕ್ಯಾಲಿಬ್ರೇಟರ್ ಹಾಕಿ ನೋಡಿದೆ — 94.0, ಬರಬೇಕಾದಷ್ಟೇ. ಫ್ಯಾನ್ ಆಫ್. ಬಾಗಿಲ ಮೇಲೆ ಕೆಂಪು ಬಲ್ಬು. ಇಷ್ಟಿದ್ದರೂ ಪ್ಯಾಕಿಂಗ್‌ನವರು ಬಾಗಿಲು ತಟ್ಟಿ, "ಅಳತೆ ನಡೀತಿದ್ಯಾ ಮೇಡಂ? ನಡೀತಿದ್ರೆ ಆಮೇಲೆ ಬರ್ತೀನಿ" ಅಂದರು. ತಟ್ಟಿದ ಸದ್ದು ಗ್ರಾಫಿನಲ್ಲಿ ಬಂತು. ಮತ್ತೆ ಮೊದಲಿಂದ.

ವಾಪಸ್ ಬಂದ ಸ್ಪೀಕರ್ ಜೋಡಿ, ಇದು ಒಂಬತ್ತನೆಯದು. ಡೀಲರ್ ಚೀಟಿ ಅಂಟಿಸಿದ್ದಾನೆ: "ಅರ್ಧ ಗಂಟೆಗೆ ತಲೆನೋವು. ಕಿವಿಗೆ ಚುಚ್ಚುತ್ತೆ." ಯಾವ ಭಾಗವೂ ಕೆಟ್ಟಿಲ್ಲ. ಗ್ರಾಫ್ ಹೇಳುತ್ತಿದೆ — ನಾಲ್ಕು ಸಾವಿರ ಹರ್ಟ್ಜ್‌ವರೆಗೆ ಸಮತಟ್ಟು. ಅಲ್ಲಿಂದ ಏರು. ಎಂಟು ಸಾವಿರದಲ್ಲಿ ಸದ್ದು ಮೂರು ಡೆಸಿಬೆಲ್, ಮೂರು ಡಿಬಿ ಜಾಸ್ತಿ. ಹಾಡುವವರ ಬಾಯಿಂದ ಸಕಾರ ಬಂದರೆ ಸಾಕು, ಸೂಜಿ.

ಎರಡು ವರ್ಷದಿಂದ ಇದನ್ನೇ ಷೀಟಿನಲ್ಲಿ ಕೆಂಪು ಇಂಕಿನಲ್ಲಿ ಬರೆಯುತ್ತಿದ್ದೇನೆ. ಮೇಲಿನ ಮಹಡಿಯವರು ಕಿವಿಗೆ ಹಾಕಿಕೊಂಡಿಲ್ಲ. ಮೇಲಿನ ಸ್ವರಗಳನ್ನು ನುಡಿಸುವ ಸಣ್ಣ ಸ್ಪೀಕರ್, ಟ್ವೀಟರ್, ಅದರ ಮುಂದೆ ಒಂದು ರೆಸಿಸ್ಟರ್ ಇರುತ್ತದೆ. ಅದನ್ನು ಸ್ವಲ್ಪ ದೊಡ್ಡದು ಹಾಕಿದರೆ ಚುಚ್ಚುವುದು ನಿಲ್ಲುತ್ತದೆ. ಹತ್ತು ನಿಮಿಷದ ಕೆಲಸ. ಆದರೆ ಅದು ಅವರ ಕೆಲಸ. ಅವರು ಕಿವಿಯಿಂದ ಮಾಡುತ್ತಾರೆ.

"ಮೇಲಿನ ಮಹಡಿಯವರು". ಇಲ್ಲೂ ದೊಡ್ಡಪ್ಪ ಅಂತ ಬರೆಯಲು ಕೈ ಬರುತ್ತಿಲ್ಲ ನೋಡು. ಲ್ಯಾಬ್ ಪುಸ್ತಕದ ಮುಂದಿನಿಂದ ಅಳತೆ, ಹಿಂದಿನಿಂದ ನಾನು. ಹಿಂದಿನ ಪುಟಗಳನ್ನು ಯಾರೂ ತೆಗೆಯುವುದಿಲ್ಲ. ಆದರೂ ಮುಖ ಊದಿಸಿಕೊಂಡೇ ಬರೆಯುತ್ತೇನೆ.

ಅದೇ ದಿನ, ಸಂಜೆ 5.15

ಅಳಿಯ ಸಾಹೇಬರು ಕರೆಸಿದ್ದರು. ಯಜಮಾನರ ಅಳಿಯ. ಯಜಮಾನರು ಹಾಸಿಗೆ ಹಿಡಿದ ಮೇಲೆ ಮೂರು ತಿಂಗಳಿಂದ ಕಂಪನಿ ಇವರ ಕೈಯಲ್ಲಿ. ಕೆಟ್ಟವರಲ್ಲ. ಆದರೆ ಯಜಮಾನರ ಹಾಗೆ "ಮಾಸ್ತರ ಕಿವಿ, ಬಿಡಿ" ಅನ್ನುವ ಜಾತಿಯಲ್ಲ.

ದೊಡ್ಡಪ್ಪನೂ ಬಂದಿದ್ದರು. ಬರೆದೆ, ಸರಿ. ಕಂಪನಿಗೆಲ್ಲ ಮಾಸ್ತರು, ನನಗೆ ಅಪ್ಪನ ಅಣ್ಣ. ಒಂದೇ ಸೋಫಾ. ನಡುವೆ ಇನ್ನಿಬ್ಬರು ಕೂರುವಷ್ಟು ಜಾಗ.

"ಒಂಬತ್ತು ಜೋಡಿ ವಾಪಸ್" ಅಂದರು ಅಳಿಯ. "ಮಾಸ್ತರ ಕಿವಿ ಸರಿನೋ, ಮೇಡಂ ಮೀಟರ್ ಸರಿನೋ? ಒಂದು ತೀರ್ಮಾನ ಆಗ್ಲಿ."

"ಇದು ಕೇಳೋ ಸಾಮಾನು ಸರ್" ಅಂದರು ದೊಡ್ಡಪ್ಪ. "ಜನ ಗ್ರಾಫ್ ಹಾಕ್ಕೊಂಡು ಕೂರಲ್ಲ, ಹಾಡು ಹಾಕ್ಕೊಂಡು ಕೂರ್ತಾರೆ."

"ತಲೆನೋವು ಅಂತ ಎದ್ದು ಹೋಗ್ತಿದ್ದಾರಲ್ಲ" ಅಂದೆ. ಅವರಿಗಲ್ಲ, ಗೋಡೆಗೆ.

"ನನ್ನದು ಯಾವುದು, ಇವಳದು ಯಾವುದು, ಮುಚ್ಚಿಟ್ರೂ ಹೇಳ್ತೀನಿ." ಹೇಳುವಾಗ ನನ್ನ ಮುಖ ನೋಡಿದರು. ಎರಡು ವರ್ಷದಲ್ಲಿ ಮೊದಲ ಸಲ ನೇರವಾಗಿ.

ಅಳಿಯ ಸಾಹೇಬರು ಆ ಮಾತನ್ನು ನೆಲಕ್ಕೆ ಬೀಳಲು ಬಿಡಲಿಲ್ಲ. ಹದಿನಾಲ್ಕನೇ ತಾರೀಕು, ಶುಕ್ರವಾರ. ಹೊಸ ಮಾಡೆಲ್ಲಿನ ಎರಡು ಪೆಟ್ಟಿಗೆ, ಕಪ್ಪು ಬಟ್ಟೆ ಹೊದಿಸಿ. A ನನ್ನ ಅಳತೆಯದ್ದು, B ದೊಡ್ಡಪ್ಪನ ಕಿವಿಯದ್ದು. ಹದಿನಾರು ಸಲ ಕೇಳಿಸುವುದು, ಹನ್ನೆರಡು ಸಲ ಸರಿ ಹೇಳಬೇಕು. ಹೇಳಿದರೆ ಸ್ವರದ ವಿಷಯದಲ್ಲಿ ದೊಡ್ಡಪ್ಪನದೇ ಕೊನೆಯ ಮಾತು. ಇಲ್ಲದಿದ್ದರೆ ಮೇಲಿನ ಕೇಳುವ ಕೋಣೆಗೆ ಬೀಗ. "ಮಾಸ್ತರು ಮನೇಲಿ ಆರಾಮಾಗಿರ್ಲಿ" ಅಂದರು, ಬಹಳ ಮರ್ಯಾದೆಯಿಂದ.

ನಿಯಮ ಬರೆಯುವವಳು ನಾನು. ನಡೆಸುವವಳೂ ನಾನೇ.

ಖುಷಿಯಾಯಿತು. ಸುಳ್ಳು ಯಾಕೆ ಬರೆಯಲಿ.

ಮಾರ್ಚ್ 4, ಮಂಗಳವಾರ

ನಿಯಮ ಬರೆದು ಮುಗಿಸಿದೆ. ಮೂರೇ ಮೂರು.

ಒಂದು, ಎರಡೂ ಸ್ಪೀಕರ್‌ಗಳ ಸದ್ದು ಮೀಟರಿನಲ್ಲಿ ಕೂದಲೆಳೆ ವ್ಯತ್ಯಾಸವಿಲ್ಲದೆ ಸಮ ಇರಬೇಕು. ಒಂಚೂರು ಜೋರಾಗಿದ್ದದ್ದೇ ಎಲ್ಲರಿಗೂ ಚೆನ್ನಾಗಿ ಕೇಳುತ್ತದೆ, ಅದೊಂದು ಮೋಸ. ಎರಡು, ಯಾವುದು ಯಾವಾಗ ಎಂಬುದು ನಾಣ್ಯ ಚಿಮ್ಮಿ. ಮೂರು, ಸ್ವಿಚ್ ಒತ್ತುವವರು ಪರದೆಯ ಹಿಂದೆ ಇರಬೇಕು. ಕೇಳುವವರಿಗೆ ಅವರ ಮುಖ ಕಾಣಬಾರದು. ಗೊತ್ತಿದ್ದವರ ಮುಖ ಬಾಯಿ ಬಿಡದೆಯೇ ಹೇಳಿಬಿಡುತ್ತದೆ.

ಮೂರನೆಯದರ ಬಗ್ಗೆ ಹೆಮ್ಮೆ. ಅಳಿಯ ಸಾಹೇಬರು ಓದಿ, "ಇದು ನನಗೆ ಹೊಳೀತಿರ್ಲಿಲ್ಲ" ಅಂದರು.

ಮನೆಯಲ್ಲಿ ಇವರಿಗೆ ಓದಿ ಹೇಳಿದೆ. ನನ್ನ ಗಂಡ ಫೋನನ್ನು ಖಾಲಿ ಲೋಟದೊಳಗೆ ನಿಲ್ಲಿಸಿ ಹಾಡು ಕೇಳುವ ಮನುಷ್ಯ. ಲೋಟದ ಹಾಡಿಗೆ ತಲೆಯಾಡಿಸುತ್ತಲೇ, "ಇಷ್ಟೆಲ್ಲ ಯಾಕೆ? ಯಾವುದು ಕೇಳ್ತಾ ಕೂತ್ರೆ ಅನ್ನ ಸೀಯುತ್ತೋ ಅದು ಒಳ್ಳೇ ಸ್ಪೀಕರ್" ಅಂದರು. ಆಮೇಲೆ, "ನೀನು ಕೊನೆಗೆ ಯಾವಾಗ ಹಾಡು ಕೇಳಿದ್ದು?"

ದಿನವಿಡೀ ಕೇಳುತ್ತೇನಲ್ಲ ಅಂದೆ.

"ಅದು ಕುಂಯ್ ಅನ್ನೋ ಟೋನು. ಹಾಡು?"

ಲೋಟದಿಂದ ಫೋನ್ ತೆಗೆದು ಅವರ ಕೈಗೆ ಕೊಟ್ಟೆ. ಕೆಲಸ ಬಿದ್ದಿತ್ತು.

ಮಾರ್ಚ್ 6, ಗುರುವಾರ. ಮಧ್ಯಾಹ್ನ 3.20

ಬಡಗಿ ಅಣ್ಣ ಹೇಳಿದ ಪ್ರಕಾರ ಮಾಸ್ತರು ನಿಯಮದ ಕಾಗದ ಹಿಡಿದು ಬಹಳ ಹೊತ್ತು ಸುಮ್ಮನೆ ಕೂತಿದ್ದರಂತೆ. ಪೆಟ್ಟಿಗೆ ಮಾಡುವ ಬಡಗಿ ಅಣ್ಣ ಒಬ್ಬರೇ ಮೇಲೂ ಕೆಳಗೂ ಓಡಾಡುವವರು. ನಮ್ಮಿಬ್ಬರ ನಡುವಿನ ಅಂಚೆ.

ಕೂರಲಿ. ನನ್ನ ಹತ್ತಿರ ಇನ್ನೂ ಇದೆ. ಹಳೆಯ ಫೈಲುಗಳನ್ನೆಲ್ಲ ತೆಗೆದೆ. ನಾನು ಸೇರಿದ ಹದಿಮೂರು ವರ್ಷದಲ್ಲಿ ಅವರು ಟ್ಯೂನ್ ಮಾಡಿದ ಪ್ರತಿ ಮಾಡೆಲ್, ಪ್ರತಿಯೊಂದರ ಕೊನೆಯ ಗ್ರಾಫ್. ಲೆಕ್ಕಾಚಾರ ಹೀಗೆ — ವಯಸ್ಸಾದಂತೆ ಕಿವಿ ಮೇಲಿನ ಸ್ವರಗಳನ್ನು ಬಿಡುತ್ತಾ ಬರುತ್ತದೆ. ನಾಲಿಗೆ ಕೆಟ್ಟವರು ಉಪ್ಪು ಹೆಚ್ಚು ಹಾಕುವ ಹಾಗೆ, ಕೇಳಿಸದ್ದನ್ನು ಮನುಷ್ಯ ಜಾಸ್ತಿ ಹಾಕಿಕೊಳ್ಳುತ್ತಾನೆ. ಹಾಗಿದ್ದರೆ ವರ್ಷದಿಂದ ವರ್ಷಕ್ಕೆ ಗೆರೆ ಮೆಲ್ಲಗೆ ಏರಬೇಕು. ಒಂದೇ ಹಾಳೆಯಲ್ಲಿ ಎಲ್ಲವನ್ನೂ ಹಾಕಿ ಮೇಜಿನ ಮೇಲೆ ಇಟ್ಟರೆ ಆಯಿತು, ಪರೀಕ್ಷೆಯೇ ಬೇಡ.

ಏರಲಿಲ್ಲ.

ಹನ್ನೊಂದು ವರ್ಷ ಸಮ. ಅರ್ಧ ಡಿಬಿಯೂ ಆಚೀಚೆ ಇಲ್ಲ. ಯಂತ್ರಕ್ಕೂ ಕಷ್ಟ ಇಷ್ಟು. ನಡುವೆ ಒಂದೇ ಒಂದು ಮಾಡೆಲ್‌ನಲ್ಲಿ ಎರಡು ಡಿಬಿ ಉಬ್ಬು, ಆಮೇಲೆ ಮತ್ತೆ ಸಮ. ಎರಡು ವರ್ಷದ ಹಿಂದೆ ಇದ್ದಕ್ಕಿದ್ದಂತೆ ಮೂರು ಡಿಬಿ ಜಿಗಿತ.

ಕಿವಿ ಹೀಗೆ ಕೆಡುವುದಿಲ್ಲ. ಮೆಟ್ಟಿಲು ಹತ್ತಿದ ಹಾಗೆ ಯಾರ ಕಿವಿಯೂ ಹೋಗುವುದಿಲ್ಲ. ಮೈಕ್ ತಪ್ಪಿರಬೇಕು ಅಂತ ನಾಲ್ಕು ಸಲ ನೋಡಿದೆ. 94.0.

ಮಾರ್ಚ್ 7, ಶುಕ್ರವಾರ. 11.10

ಬಡಗಿ ಅಣ್ಣ ಪೆಟ್ಟಿಗೆ ಒಯ್ಯಲು ಬಂದಿದ್ದರು. ಮಾತಿಗೆ ಮಾತು ಬಂತು.

"ನಿಮ್ಮ ಕುರ್ಚೀಲಿ ಈಗ ನನ್ನನ್ನ ಕೂರಿಸ್ತಾರೆ ಅಮ್ಮ. ಕಾಲು ಅಲ್ಲಾಡೋ ಕುರ್ಚಿ, ಅದನ್ನ ಎಸೆಯೋಕೂ ಬಿಡಲ್ಲ. ತಂಪು ಕೋಣೆ, ಮೇಲಿಂದ ಹಾಡು. ಐದು ನಿಮಿಷಕ್ಕೆ ನನಗೆ ನಿದ್ದೆ. ಮಾಸ್ತರಿಗೆ ಸಿಟ್ಟು. 'ನಿನ್ನ ಮುಖದಲ್ಲಿ ಏನೂ ಕಾಣಲ್ಲವಲ್ಲಯ್ಯ' ಅಂತಾರೆ. ಕಾಣೋಕೆ ಏನಿದೆ ಹೇಳಿ ಈ ಮುಖದಲ್ಲಿ?"

ನಾನೂ ನಕ್ಕೆ. ಅವರು ಪೆಟ್ಟಿಗೆ ಹೊತ್ತು ಹೋದರು. ನಗು ಅರ್ಧಕ್ಕೆ ನಿಂತಿತು.

ಮೇಲಿನ ಕೋಣೆಯಲ್ಲಿ ದೊಡ್ಡಪ್ಪನ ಮೇಜು ಇದ್ದದ್ದು ಸ್ಪೀಕರ್‌ಗಳ ಪಕ್ಕದಲ್ಲಿ. ನಾನು ಸ್ಪೀಕರ್ ಕಡೆ ಮುಖ ಮಾಡಿ ಕೂರುತ್ತಿದ್ದೆ. ಅವರು ನನ್ನ ಕಡೆ. ವೈರು ಕೈಗೆ ಸಿಗಲಿ ಅಂತ ಅಲ್ಲಿ ಕೂರುತ್ತಾರೆ ಅಂದುಕೊಂಡಿದ್ದೆ, ಹನ್ನೊಂದು ವರ್ಷ. ಹಾಡು ಹಾಕುತ್ತಿದ್ದರು. ಕ್ಲಿಪ್ ಕಚ್ಚಿಸಿ ಒಂದು ರೆಸಿಸ್ಟರ್, ತೆಗೆದು ಇನ್ನೊಂದು. ಒಂದು ದಿನವೂ "ಹೇಗಿದೆ?" ಅಂತ ಕೇಳಿದವರಲ್ಲ. ನನಗೆ ಇದು ಹೆಚ್ಚಾಯಿತು ಅನ್ನಿಸುವ ಹೊತ್ತಿಗೆ ಸರಿಯಾಗಿ ಅವರ ಕೈ ರೆಸಿಸ್ಟರ್ ಡಬ್ಬಿಗೆ ಹೋಗುತ್ತಿತ್ತು. ಆಹಾ ಅನ್ನಿಸುವ ಹೊತ್ತಿಗೆ "ಸಿಕ್ತು" ಅನ್ನುತ್ತಿದ್ದರು. ನನಗೆ ಕೇಳಿದ್ದೇ ಅವರಿಗೂ ಕೇಳುತ್ತದಲ್ಲ ಎಂದು ಮೈ ಜುಮ್ಮೆನ್ನುತ್ತಿತ್ತು. ಎಷ್ಟೋ ಸಲ ಮನೆಗೆ ಹೋಗಿ ಅಮ್ಮನಿಗೆ ಹೇಳಿದ್ದೇನೆ.

ನಡುವಿನ ಆ ಉಬ್ಬಿನ ತಾರೀಕು ನೋಡಿದೆ. ಅಮ್ಮ ಆಸ್ಪತ್ರೆಯಲ್ಲಿದ್ದ ಆರು ತಿಂಗಳು. ನಾನು ರಜೆ.

ಎರಡು ವರ್ಷದ ಜಿಗಿತಕ್ಕೆ ತಾರೀಕು ನೋಡುವುದೇ ಬೇಡ. ನಮ್ಮ ಜಗಳದ ವಾರ. "ಇನ್ನು ಕೇಳೋದೇ ಬೇಡ, ಗ್ರಾಫ್ ಸಾಕು" ಎಂದು ನಾನು ಎಲ್ಲರೆದುರು ಅಂದಿದ್ದೆ. "ಹಾಗಾದ್ರೆ ಕೆಳಗೇ ಕೂತ್ಕೋ, ಮೇಲೆ ನಿನಗೇನು ಕೆಲಸ" ಅಂದಿದ್ದರು. ಮೀಟರ್ ಎತ್ತಿಕೊಂಡು ಕೆಳಗೆ ಬಂದೆ.

ಮೂರನೇ ನಿಯಮ ಗೋಡೆಯ ಮೇಲೆ ಅಂಟಿಸಿದ್ದೇನೆ. ಕಣ್ಣು ತಪ್ಪಿಸಿ ಕೂತಿದ್ದೇನೆ.

ಮಾರ್ಚ್ 9, ಭಾನುವಾರ. ಸಂಜೆ

ದೊಡ್ಡಪ್ಪನ ಮನೆಗೆ ಹೋಗಿದ್ದೆ. ನೆಪ — ಅವರಿಗೆ ನೆಗಡಿ ಜ್ವರ ಅಂತ ದೊಡ್ಡಮ್ಮ ಫೋನ್ ಮಾಡಿದ್ದು.

ಸೋಫಾದಲ್ಲಿ ಶಾಲು ಹೊದ್ದು ಕೂತಿದ್ದರು. ಬಾಯಲ್ಲಿ ಥರ್ಮಾಮೀಟರ್. ನನ್ನನ್ನು ನೋಡಿ ತಲೆಯಾಡಿಸಿದರು. ಥರ್ಮಾಮೀಟರ್ ಪೀಂ ಪೀಂ ಅಂತ ಕೂಗಿತು. ತೆಗೆಯಲಿಲ್ಲ. ಮತ್ತೆ ಕೂಗಿತು. ಹಾಗೇ ಕೂತಿದ್ದರು, ಕೂಗುವುದನ್ನೇ ಕಾಯುವವರ ಹಾಗೆ. ಅಡುಗೆಮನೆಯಿಂದ ದೊಡ್ಡಮ್ಮ ಬಂದು ಅವರ ಮಂಡಿ ತಟ್ಟಿದರು. ಆಗ ತೆಗೆದರು. ಬಹಳ ದಿನದ ಅಭ್ಯಾಸ ಅಂತ ತಿಳಿಯುತ್ತಿತ್ತು.

ಅಡುಗೆಮನೆಗೆ ದೊಡ್ಡಮ್ಮನ ಹಿಂದೆ ಹೋದೆ. ಟೀ ಸೋಸುತ್ತಾ ಬೆನ್ನು ತಿರುಗಿಸಿಯೇ, "ಗೊತ್ತಾಯ್ತಾ?" ಅಂದರು.

"ಎಷ್ಟು ದಿನದಿಂದ?"

"ದಿನ ಅಲ್ಲಮ್ಮ. ನೀನು ಕೆಲಸಕ್ಕೆ ಸೇರೋದಕ್ಕೆ ಆರು ತಿಂಗಳು ಮುಂಚೆ ಡಾಕ್ಟರ್ ಹೇಳಿದ್ರು. ಕಿವಿ ಮೇಲಿನ ಸ್ವರದಿಂದ ಹೋಗ್ತಾ ಬರುತ್ತೆ, ಮದ್ದಿಲ್ಲ ಅಂತ. ಆಮೇಲೇ ನಿನ್ನನ್ನ ಕರೆಸಿದ್ದು."

ನನ್ನ ಮಾರ್ಕ್ಸ್ ನೋಡಿ ಕರೆಸಿದ್ದು ಅಂದುಕೊಂಡಿದ್ದೆ. ತಮ್ಮನ ಮಗಳು, ಓದಿದ್ದಾಳೆ, ಬುದ್ಧಿವಂತೆ ಅಂತ. ಟೀ ಲೋಟವನ್ನು ಕುಡಿಯದೆ ಕಟ್ಟೆಯ ಮೇಲಿಟ್ಟೆ. ದುಃಖವಲ್ಲ, ಸಿಟ್ಟು. ಕಂಪನಿಯಲ್ಲಿ ನನ್ನ ಅಡ್ಡಹೆಸರು ಮೀಟರ್ ಮೇಡಂ. ಕೆಳಗೆ ಬಂದ ಮೇಲೆ ಬಂದ ಹೆಸರು ಅದು. ಅವರ ಲೆಕ್ಕದಲ್ಲಿ ಮೊದಲ ದಿನದಿಂದಲೂ ನಾನು ಅದೇ.

"ಯಾರಿಗೂ ಹೇಳ್ಬೇಡ" ಅಂದರು ದೊಡ್ಡಮ್ಮ. "ಅವರಿಗೆ ಆ ಕೋಣೆ ಬಿಟ್ರೆ ಏನೂ ಇಲ್ಲ. ನಮಗೆ ಮಕ್ಕಳಿದ್ದಿದ್ರೆ ಬೇರೆ ಮಾತು."

ಹೊರಡುವಾಗ ದೊಡ್ಡಪ್ಪ ಕೇಳಿದರು, "ಶುಕ್ರವಾರ ಎಲ್ಲಿ ಕೂರ್ತೀಯಾ?"

"ಪರದೆ ಹಿಂದೆ."

"ಒಳ್ಳೇ ನಿಯಮ" ಅಂದರು.

ಮಾರ್ಚ್ 13, ಗುರುವಾರ. 4.30

ಮೂರು ದಿನ ಬರೆಯಲಿಲ್ಲ. ಮುಂದಿನ ಪುಟಗಳಲ್ಲೂ ಅಳತೆ ಕಡಿಮೆ.

ಇವತ್ತು ಎರಡೂ ಪೆಟ್ಟಿಗೆ ಅಳೆದೆ. A ಸಮ, ರೆಸಿಸ್ಟರ್ 6.8 ಓಮ್. B ಎಂಟು ಸಾವಿರದಲ್ಲಿ 3.2 ಡಿಬಿ ಮೇಲೆ, ರೆಸಿಸ್ಟರ್ 2.2. ಈ ವ್ಯತ್ಯಾಸ ವಾಚ್‌ಮನ್‌ಗೂ ಕೇಳುತ್ತದೆ. ನಮ್ಮ ಇವರ ಲೋಟದಲ್ಲೂ ಕೇಳುತ್ತದೆ. ಅವರೊಬ್ಬರಿಗೆ ಕೇಳುವುದಿಲ್ಲ. ಹದಿನಾರು ಸಲ, ಎಲ್ಲರ ಎದುರು. ಮೂರನೇ ಸಲಕ್ಕೇ ಜನ ಮುಖ ಮುಖ ನೋಡಿಕೊಳ್ಳುತ್ತಾರೆ. ಸೋಲುವುದಲ್ಲ ಇದು. ಮಾಸ್ತರಿಗೆ ಕಿವುಡು ಅಂತ ಬೋರ್ಡು ತಗುಲಿಸಿದ ಹಾಗೆ.

ಪರದೆ ತೆಗೆದರೆ ಹದಿನಾರಕ್ಕೆ ಹದಿನಾರು ಹೇಳುತ್ತಾರೆ. ನನ್ನ ಹುಬ್ಬು ನೋಡಿಕೊಂಡು. ಅದು ಮೋಸ. ಪರದೆ ಹಾಕಿದರೆ ನಾನೇ ಕೈಯಾರೆ...

ಬೆಳಿಗ್ಗೆಯಿಂದ ಇಲ್ಲಿ ಲ್ಯಾಬಿನಲ್ಲೇ ಪರದೆಯನ್ನು ಮರದ ಚೌಕಟ್ಟಿಗೆ ಮೂರು ಸಲ ಕಟ್ಟಿದೆ, ಮೂರು ಸಲ ಬಿಚ್ಚಿದೆ. ನಾಲ್ಕನೇ ಸಲ ಬಡಗಿ ಅಣ್ಣ ಕಟ್ಟಿ ಮೇಲೆ ಒಯ್ದರು.

ಸಿಟ್ಟು ಇನ್ನೂ ಇದೆ. ಒಂದು ಮಾತು ಹೇಳಿದ್ದರೆ? ಹದಿಮೂರು ವರ್ಷದಲ್ಲಿ ಒಂದೇ ಒಂದು ಮಾತು.

ಮಾರ್ಚ್ 14, ಶುಕ್ರವಾರ. ಬೆಳಿಗ್ಗೆ 7.50

ಬೇಗ ಬಂದೆ. 94.0. ಪರೀಕ್ಷೆಗೆ ಮೊದಲು ಇನ್ನೊಮ್ಮೆ ಅಳೆದು ಷೀಟಿಗೆ ಸಹಿ ಹಾಕಬೇಕು.

A ಸಮ.

B — ಸಮ.

ಮತ್ತೆ ಅಳೆದೆ. ಸಮ. ಎರಡು ಗೆರೆ ಒಂದರ ಮೇಲೊಂದು ಕೂತಿವೆ, ಒಂದೇ ಗೆರೆ ಅನ್ನುವ ಹಾಗೆ. ನಿನ್ನೆ 3.2 ಇತ್ತು.

B ಹಿಂಬದಿ ಬಿಚ್ಚಿದೆ. 2.2 ಇಲ್ಲ. 6.8 ಇದೆ, ಹೊಸ ಬೆಸುಗೆ. ತಂತಿಯನ್ನು ಲಂಬಕೋನಕ್ಕೆ ಬಗ್ಗಿಸಿ ಕೂರಿಸಿದ್ದು. ಹಾಗೆ ಬಗ್ಗಿಸುವವರು ಈ ಕಟ್ಟಡದಲ್ಲಿ ಇಬ್ಬರೇ. ಒಬ್ಬಳು ನಾನು, ಅವರಿಂದ ಕಲಿತವಳು. A ಪೆಟ್ಟಿಗೆಯ ಸ್ಕ್ರೂ ತಲೆಯ ಮೇಲೂ ಹೊಸ ಗೀರು. ನನ್ನದನ್ನು ಬಿಚ್ಚಿ ನೋಡಿ ಅದನ್ನೇ ಹಾಕಿದ್ದಾರೆ. ನಿನ್ನೆ ನಾನು ಹೋದ ಮೇಲೆ ಬಂದು ಹತ್ತು ನಿಮಿಷ ಇದ್ದರಂತೆ, ಬಡಗಿ ಅಣ್ಣ ಹೇಳಿದರು.

ಈಗ A ಯಾವುದು B ಯಾವುದು ಯಾರೂ ಹೇಳಲಾರರು. ನಾನೂ ಹೇಳಲಾರೆ. ಅವರು ಸೋಲುತ್ತಾರೆ, ಆದರೆ ಯಾರಿಗೂ ಏನೂ ತಿಳಿಯುವುದಿಲ್ಲ.

ಷೀಟಿನಲ್ಲಿ ಒಂದು ಖಾನೆ ಇದೆ. "ಟ್ಯೂನ್ ಮಾಡಿದವರು". ಅಲ್ಲಿ ಅವರ ಹೆಸರು ಬರೆದು ಕೆಳಗೆ ನಾನು ಸಹಿ ಮಾಡಬೇಕು. ಇನ್ನೊಂದು ದಾರಿಯೂ ಕಾಣುತ್ತಿದೆ, ಅದು ಇನ್ನೂ ಕೆಟ್ಟದ್ದು. ಈ ಎರಡು ಗೆರೆಯನ್ನು ಅಳಿಯ ಸಾಹೇಬರಿಗೆ ತೋರಿಸಿ, ನೋಡಿ ಕಿವಿಯೂ ಮೀಟರೂ ಒಂದೇ ಹೇಳುತ್ತಿವೆ ಅಂದರೆ ಮುಗಿಯಿತು. ದೊಡ್ಡಪ್ಪನ ಕೋಣೆ ಉಳಿಯುತ್ತದೆ. ಸುಳ್ಳು ನನ್ನದು ಒಬ್ಬಳದೇ.

ಪೆನ್ನಿನ ಕ್ಯಾಪ್ ತೆಗೆದು ಹತ್ತು ನಿಮಿಷವಾಯಿತು.

8.55

ಮೇಲೆ ಹೋಗಿ ಬಂದೆ. ಎರಡು ವರ್ಷದ ಮೇಲೆ. ಹದಿನೆಂಟು ಮೆಟ್ಟಿಲು.

ಒಬ್ಬರೇ ಇದ್ದರು. ಎದುರಿಗೆ ನನ್ನ ಕುರ್ಚಿ, ಕಾಲಿನ ಕೆಳಗೆ ಮಡಚಿದ ಕಾಗದ.

"ಯಾಕೆ ಬದಲಾಯಿಸಿದ್ರಿ?"

"ಹೇಗೂ ಸೋಲ್ತೀನಿ. ಎಲ್ಲರೂ ಸೋಲೋ ಜಾಗದಲ್ಲಿ ಸೋಲ್ತೀನಿ, ಅಷ್ಟೇ."

"ಸಹಿ ಹಾಕೋಳು ನಾನು."

"ಅಳತೆ ಸುಳ್ಳಲ್ಲವಲ್ಲ. ಹಾಕು."

ಆಮೇಲೆ ನನ್ನ ಬಾಯಿ ನಿಲ್ಲಲಿಲ್ಲ. ನನ್ನನ್ನು ಕರೆಸಿದ್ದು ಇದಕ್ಕಾ, ಹನ್ನೊಂದು ವರ್ಷ ಎದುರಿಗೆ ಕೂರಿಸಿಕೊಂಡು ಒಂದು ಮಾತು ಹೇಳಬಾರದಿತ್ತಾ, ನಾನೇನು ಬೇರೆಯವಳಾ. ಅವರು ಪೂರ್ತಿ ಕೇಳಿದರು. ನನ್ನ ದನಿ ಅವರಿಗೆ ಸ್ಪಷ್ಟ ಕೇಳುತ್ತದೆ, ಅದು ನಾಲ್ಕು ಸಾವಿರದ ಕೆಳಗಿನದು.

"ಹೇಳಿದ್ರೆ ನೀನು ನಿನ್ನ ಮುಖ ಕಾಯೋಕೆ ಶುರು ಮಾಡ್ತಿದ್ದೆ ಪುಟ್ಟಿ. ಯಾರೋ ನೋಡ್ತಿದ್ದಾರೆ ಅಂತ ಗೊತ್ತಾದ್ರೆ ಮುಖ ಸುಳ್ಳು ಹೇಳುತ್ತೆ. ನೀನು ಈಗ ಬರೆದ್ಯಲ್ಲ ಮೂರನೇದು, ಅದನ್ನೇ ನಾನು ಹನ್ನೊಂದು ವರ್ಷ ಪಾಲಿಸಿದ್ದು. ಬೇರೆ ಥರ."

ನನಗಿಂತ ಕಟ್ಟುನಿಟ್ಟಾಗಿ ಅಳತೆ ಮಾಡಿದವರು ಅವರು. ನಾನು ಸುಮ್ಮನೆ ಕೂತು ಖುಷಿಪಡುತ್ತಿದ್ದೆ, ಅಷ್ಟೇ.

"ನಿನ್ನ A ಅನ್ನ ಕೂತು ಕೇಳಿದ್ದೀಯಾ?" ಅಂದರು.

"ಅಳೆದಿದ್ದೀನಿ."

"ಕೇಳಿದ್ದೀಯಾ?"

ಇಲ್ಲ. ಮನೆಯಲ್ಲಿ ನಮ್ಮ ಇವರೂ ಅದನ್ನೇ ಕೇಳಿದ್ದರು. ಎರಡು ವರ್ಷದಿಂದ ಒಂದು ಹಾಡನ್ನೂ ಕೂತು ಕೇಳಿಲ್ಲ ನಾನು.

ಸಹಿ ಹಾಕುವುದಿಲ್ಲ ಅಂದೆ. ಹಾಕದಿದ್ದರೆ ಯಾಕೆ ಅಂತ ಹೇಳಬೇಕಾಗುತ್ತದೆ, ಅದನ್ನೂ ಅಂದೆ. ಅವರು ಕಿಟಕಿ ಕಡೆ ತಿರುಗಿದರು. ಕೆಳಗೆ ಬಂದೆ.

ಮಧ್ಯಾಹ್ನ 1.15

ಕ್ರಮವಾಗಿ ಬರೆಯುತ್ತೇನೆ. ಇಲ್ಲದಿದ್ದರೆ ತಲೆಯಲ್ಲಿ ಸುತ್ತುತ್ತಲೇ ಇರುತ್ತದೆ.

ಹತ್ತಕ್ಕೆ ಎಲ್ಲರೂ ಮೇಲೆ ಸೇರಿದರು. ಅಳಿಯ ಸಾಹೇಬರು, ಇಬ್ಬರು ಡೀಲರ್‌ಗಳು, ಬಡಗಿ ಅಣ್ಣ, ಅಸೆಂಬ್ಲಿಯ ನಾಲ್ಕು ಜನ. ಅಳಿಯರು ಷೀಟ್ ಕೇಳಿದರು. ಖಾನೆ ಖಾಲಿ. "ಸಹಿ ಇಲ್ಲವಲ್ಲ ಮೇಡಂ?"

ಬಾಯಿ ತೆರೆದೆ. ಅಷ್ಟರಲ್ಲಿ ದೊಡ್ಡಪ್ಪ ಎದ್ದು ನಿಂತರು. "ಅವಳು ಹಾಕಲ್ಲ ಸರ್. ಆ B ನನ್ನದಲ್ಲ. ಅವಳದ್ದನ್ನೇ ನೋಡಿ ಹಾಕಿದ್ದೀನಿ. ನನಗೆ ಕೇಳಿಸಲ್ಲ."

"ಏನು ಕೇಳಿಸಲ್ಲ?"

"ನಾಲ್ಕು ಸಾವಿರದ ಮೇಲೆ ಏನೂ. ಮುಂಚೆ ಅಷ್ಟಿಷ್ಟು ಕೇಳ್ತಿತ್ತು. ಈಗ ಏನೂ ಇಲ್ಲ."

ಡೀಲರ್ ಒಬ್ಬರು ಕೆಮ್ಮಿದರು. ಬಡಗಿ ಅಣ್ಣ ನೆಲ ನೋಡುತ್ತಿದ್ದರು. ಅಳಿಯ ಸಾಹೇಬರು ನಗುತ್ತಾರೆ ಅಂತ ಹೆದರಿದ್ದೆ, ನಗಲಿಲ್ಲ. "ಹಾಗಾದ್ರೆ ಇಷ್ಟು ವರ್ಷ ಟ್ಯೂನ್ ಮಾಡಿದ್ದು ಯಾರು?"

ದೊಡ್ಡಪ್ಪ ನನ್ನ ಕುರ್ಚಿ ತೋರಿಸಿದರು. ನಾನು ಹಾಳೆ ತೆಗೆದು ಮೇಜಿನ ಮೇಲೆ ಹಾಸಿದೆ. ಅವರನ್ನು ಬೀಳಿಸಲು ಮಾಡಿಟ್ಟಿದ್ದ ಹಾಳೆ. ಹನ್ನೊಂದು ವರ್ಷದ ಸಮ ಗೆರೆ, ಆ ಉಬ್ಬು, ಈ ಎರಡು ವರ್ಷ.

"ಈ ಉಬ್ಬು?"

"ಅಮ್ಮ ಆಸ್ಪತ್ರೆಯಲ್ಲಿದ್ರು. ನಾನಿರ್ಲಿಲ್ಲ."

ಅಳಿಯರು ಬಹಳ ಹೊತ್ತು ನೋಡಿದರು. ಆಮೇಲೆ ನ್ಯಾಯವಾದ ಪ್ರಶ್ನೆಯನ್ನೇ ಕೇಳಿದರು. ಮೀಟರ್ ಇರುವಾಗ ಈ ಸುತ್ತುಬಳಸು ಯಾಕೆ ಬೇಕು? ಹಿರಿಯ ಡೀಲರ್ ಹೇಳಿದರು, "ಆ ಹನ್ನೊಂದು ವರ್ಷದ ಪೆಟ್ಟಿಗೆ ನನಗೆ ಒಂದೂ ವಾಪಸ್ ಬಂದಿಲ್ಲ ಸಾರ್. ತಗೊಂಡವರು ತಮ್ಮ ಅಣ್ಣಂಗೆ, ಭಾವಂಗೆ ಅಂತ ಕರ್ಕೊಂಡು ಬರ್ತಿದ್ರು. ಗ್ರಾಫ್ ನೋಡಿ ಬಂದವರು ಯಾರೂ ಇಲ್ಲ."

ತೀರ್ಮಾನ ಇಷ್ಟು. ಸೋಮವಾರ, ನಮ್ಮಿಬ್ಬರಲ್ಲಿ ಯಾರೂ ಮುಟ್ಟಿರದ ಹೊಸ ಟ್ವೀಟರ್, ಅಳಿಯರೇ ತರುತ್ತಾರೆ. ದೊಡ್ಡಪ್ಪ ಮೀಟರ್ ನೋಡುವ ಹಾಗಿಲ್ಲ. ನಾನು ಒಂದು ಮಾತೂ ಆಡುವ ಹಾಗಿಲ್ಲ. ಹಳೇ ಪದ್ಧತಿಯಲ್ಲೇ ಟ್ಯೂನ್ ಮಾಡಬೇಕು. ಆಮೇಲೆ ಅಳತೆ. ಹನ್ನೊಂದು ವರ್ಷದ ಆ ಗೆರೆಯ ಮೇಲೆ ಅರ್ಧ ಡಿಬಿಯೊಳಗೆ ಕೂತರೆ ಕೋಣೆ ಉಳಿಯುತ್ತದೆ. ಇಲ್ಲವಾದರೆ ಅವತ್ತೇ ಬೀಗ.

ಎಲ್ಲರೂ ಹೋದ ಮೇಲೆ ದೊಡ್ಡಪ್ಪ ಒಂದೇ ಮಾತು ಅಂದರು. "ಈಗ ನಿನಗೆ ಗೊತ್ತಿದೆಯಲ್ಲ ಪುಟ್ಟಿ. ಅದೇ ಕಷ್ಟ."

ಮಾರ್ಚ್ 17, ಸೋಮವಾರ. 12.05

ಕೆಳಗೆ ಅಳತೆ ನಡೆಯುತ್ತಿದೆ. ಕೆಳಗಿನ ಸ್ವರದಿಂದ ಮೇಲಿನವರೆಗೆ ಟೋನಿನ ಓಟ, ಅಂದರೆ ಸ್ವೀಪ್, ಎಂಟು ಸಲ; ಸರಾಸರಿ ಬರಲು ಆರು ನಿಮಿಷ. ಸುಮ್ಮನೆ ಕಾಯಲಾಗದೆ ಬರೆಯುತ್ತಿದ್ದೇನೆ. ಪೆನ್ನಿನ ಸದ್ದು ಮೈಕಿಗೆ ಹೋಗುವುದಿಲ್ಲ, ಗಾಜಿನ ಈಚೆ ಇದ್ದೇನೆ.

ಮೇಲೆ ಒಂದೂವರೆ ಗಂಟೆ. ಮೊದಲ ಒಂದು ಗಂಟೆ ದಂಡ. ಮುಖ ಮರದ ಹಲಗೆಯಾಗಿತ್ತು. ಹುಬ್ಬು ಏರಿತಾ, ಏರಿಸಿದೆನಾ, ಗೊತ್ತಾಗುತ್ತಿರಲಿಲ್ಲ. ನಗು ಬಂದರೆ ಸುಳ್ಳು ಅನ್ನಿಸುವುದು, ಬರದಿದ್ದರೆ ಬಚ್ಚಿಟ್ಟೆ ಅನ್ನಿಸುವುದು. ದೊಡ್ಡಪ್ಪ ರೆಸಿಸ್ಟರ್ ಹಾಕುತ್ತಾರೆ, ನೋಡುತ್ತಾರೆ, ತೆಗೆಯುತ್ತಾರೆ. ಅವರ ಹಣೆಯಲ್ಲಿ ಬೆವರು. ಮೂಲೆಯಲ್ಲಿ ಅಳಿಯ ಸಾಹೇಬರು ಗಡಿಯಾರ ನೋಡುತ್ತಿದ್ದರು. ನನ್ನ ಮುಖದಿಂದಲೇ ಹೋಯಿತು ದೊಡ್ಡಪ್ಪನ ಕೋಣೆ ಅಂದುಕೊಂಡೆ.

ಆಮೇಲೆ ಅವರು ಡಬ್ಬಿ ಮುಚ್ಚಿದರು. ಎದ್ದು ಹೋಗಿ ಹಳೆಯ ಟೇಪ್ ಒಂದನ್ನು ಹುಡುಕಿ ತಂದರು. ಮದುವೆಗೆ ಮುಂಚೆ ಅಮ್ಮ ಹಾಡಿದ್ದು, ದೊಡ್ಡಪ್ಪನೇ ರೆಕಾರ್ಡ್ ಮಾಡಿದ್ದು. ಮನೆಯಲ್ಲಿ ಒಂದು ಪ್ರತಿ ಇತ್ತು, ಕಳೆದುಹೋಯಿತು ಅಂತ ಅತ್ತಿದ್ದೆವು. ದೊಡ್ಡಪ್ಪನ ಹತ್ತಿರ ಇರುವುದು ಗೊತ್ತಿರಲಿಲ್ಲ.

ಅಮ್ಮ ಉಸಿರು ತೆಗೆದುಕೊಂಡದ್ದು ಕೇಳಿತು. ಆಸ್ಪತ್ರೆಯಿಂದ ಮನೆಗೆ ಬಂದ ಅಮ್ಮ ಮತ್ತೆ ಹಾಡಲಿಲ್ಲ. ಇಲ್ಲಿ ಇಪ್ಪತ್ತು ವರ್ಷದ ಹುಡುಗಿ, ಒಂದು ಕಡೆ ಸಾಲು ಮರೆತು ನಗುತ್ತಾಳೆ, ಮತ್ತೆ ಹಿಡಿಯುತ್ತಾಳೆ. ಆ ನಗುವಿನ ಕೊನೆಯಲ್ಲಿ ಸಣ್ಣ ಸದ್ದು, ನಾಲಿಗೆ ಹಲ್ಲಿಗೆ ತಾಗಿದ್ದು. ದೊಡ್ಡಪ್ಪನ ಕೈ ಯಾವಾಗ ಮತ್ತೆ ಡಬ್ಬಿಗೆ ಹೋಯಿತು, ಎಷ್ಟು ಸಲ ಕ್ಲಿಪ್ ಬದಲಾಯಿಸಿದರು, ಒಂದೂ ಗೊತ್ತಿಲ್ಲ. ಟೇಪ್ ಮುಗಿದಾಗ ಕೆನ್ನೆ ಒದ್ದೆಯಾಗಿತ್ತು.

"ಸಿಕ್ತು" ಅಂದರು.

ಯಾವ ನಂಬರ್ ಅಂತ ನಾನು ನೋಡಿಲ್ಲ. ಬಡಗಿ ಅಣ್ಣ ಪೆಟ್ಟಿಗೆಯನ್ನು ಹಾಗೇ ಕೆಳಗೆ ತಂದರು.

ಎಂಟನೇ ಸ್ವೀಪೂ ಮುಗಿಯಿತು. ಅಳಿಯ ಸಾಹೇಬರು ಸ್ಕ್ರೀನಿಗೆ ಮೂಗು ತಾಗುವಷ್ಟು ಬಗ್ಗಿದ್ದಾರೆ. ಹಳೆಯ ಗೆರೆ ಬೂದು ಬಣ್ಣ. ಹೊಸದು ಕೆಂಪು, ಎಡದಿಂದ ಬರಲು ಶುರುವಾಯಿತು. ದೊಡ್ಡಪ್ಪ ಸ್ಕ್ರೀನ್ ನೋಡುತ್ತಿಲ್ಲ. ಬಾಗಿಲಿಗೆ ಒರಗಿ ನನ್ನನ್ನೇ ನೋಡುತ್ತಿದ್ದಾರೆ.

ಒಂದು ಸಾವಿರ. ಎರಡು. ನಾಲ್ಕು.

ಐದು... ಆರು...

ಎಂಟು —

ನಾನಿನ್ನೂ ಬಾಯಿ ಬಿಟ್ಟಿಲ್ಲ. ಅಳಿಯ ಸಾಹೇಬರು ಇನ್ನೂ ಕನ್ನಡಕ ಸರಿಮಾಡಿಕೊಳ್ಳುತ್ತಿದ್ದಾರೆ. ದೊಡ್ಡಪ್ಪ ಆಗಲೇ ಬಡಗಿ ಅಣ್ಣನಿಗೆ ಹೇಳುತ್ತಿದ್ದಾರೆ, "ಆ ಕುರ್ಚಿ ಕಾಲು ಒಂದು ಬಿಗಿ ಮಾಡಿಕೊಡಯ್ಯ, ನಾಳೆಯಿಂದ ಇವಳು ಮೇಲೇ ಕೂರ್ತಾಳೆ."